ಮೊದಲು ರೈಲು, ಆಮೇಲೆ ಡೇರೆ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ನೀಲಗಿರಿ ಬೆಟ್ಟದ ರೈಲಿನ ಹೆಸರು ಹೇಳಿದ್ದೆ, ಅಷ್ಟೆ. ಈ ಸಲ ಬಂದ ಪತ್ರಗಳೆಲ್ಲ ಅದರ ಸುತ್ತಲೇ ಇವೆ. ಮಂಡ್ಯ, ಮೈಸೂರು ಕಡೆಯ ಯುವಕ ಸಂಘದವರು, ಕಾಲೇಜು ಹುಡುಗರು, ಒಬ್ಬರು ಮೇಷ್ಟ್ರು, ಒಬ್ಬರು ತಾಯಿ ಬರೆದಿದ್ದಾರೆ. ಬೇರೆ ವಿಷಯ ಬದಿಗಿಟ್ಟು ಅವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಪಾಂಡವಪುರ ತಾಲ್ಲೂಕಿನ ಯುವಕ ಸಂಘ. ಕುಂತಿಬೆಟ್ಟ, ಕರಿಘಟ್ಟ, ಮೇಲುಕೋಟೆ ಎಲ್ಲ ಹತ್ತಿ ಆಗಿದೆ. ಈ ಸಲ ನಲವತ್ತು ಜನ ಸೇರಿ ಊಟಿ ಕಡೆ ಮೂರು ದಿನ ಕ್ಯಾಂಪ್ ಮಾಡೋಣ ಅಂತಿದ್ದೇವೆ. ಬೆಟ್ಟದ ರೈಲಿನಲ್ಲಿ ಹೋಗಬೇಕು ಅನ್ನೋದು ಹುಡುಗರ ಆಸೆ. ಆದರೆ ಬೆಳಿಗ್ಗೆ ಮೈಸೂರಲ್ಲಿ ಬಸ್ ಹತ್ತಿದರೆ ಮಧ್ಯಾಹ್ನಕ್ಕೆ ಊಟಿಯಲ್ಲಿರುತ್ತೇವೆ. ರೈಲಿಗೋಸ್ಕರ, ಅದು ಹೊರಡುವ ಮೆಟ್ಟುಪಾಳ್ಯದ ತನಕ ಸುತ್ತು ಹಾಕಬೇಕಾ? ಬಸ್ಸಲ್ಲೇ ಹೋಗಿ, ಊಟಿಯಿಂದ ಕೂನೂರಿಗೆ ರೈಲಲ್ಲಿ ಒಂದು ಸುತ್ತು ಹೋಗಿಬಂದರೆ ಸಾಲದಾ?

ಉತ್ತರ: ಸಾಲದು ತಮ್ಮಾ. ಊಟಿ–ಕೂನೂರು ನಡುವಿನ ದಾರಿ ಚೆನ್ನಾಗಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಬೋಗಿ ಎಳೆಯುವುದು ಡೀಸೆಲ್ ಎಂಜಿನ್. ಆ ರೈಲಿಗೆ ಹೆಸರು ತಂದ ಭಾಗ ಕೆಳಗಿದೆ. ಕಲ್ಲಾರ್‌ನಿಂದ ಕೂನೂರಿನವರೆಗೆ, ಕಂಬಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಹಿಡಿದು ಹಬೆ ಎಂಜಿನ್ ಹತ್ತುವ ದಾರಿ ಅದು. ಅದನ್ನು ಬಿಟ್ಟು ಮೇಲಿನ ತುಂಡು ನೋಡಿ ಬಂದರೆ ಹುಡುಗರಿಗೆ ಅರ್ಧ ವಿಷಯವೂ ಸಿಗುವುದಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ರೈಲನ್ನು ಶಿಬಿರದ ಜೊತೆಗೆ ಸಿಗುವ ಮನರಂಜನೆ ಅಂದುಕೊಳ್ಳಬೇಡಿ. ಶಿಬಿರದ ಮೊದಲ ದಿನವೇ ರೈಲು ಅಂದುಕೊಳ್ಳಿ. ಎಷ್ಟು ಜನ, ಯಾವ ತಿಂಗಳು, ಎಷ್ಟು ಸಾಮಾನು, ಏನು ಅಡುಗೆ ಎಲ್ಲವನ್ನೂ ಆ ರೈಲಿಗೆ ಹೊಂದಿಸಿಕೊಳ್ಳಿ. ಆಗ ಶಿಬಿರವೂ ಸರಿಹೋಗುತ್ತದೆ.

ಮೆಟ್ಟುಪಾಳ್ಯದಿಂದ ಬೆಳಿಗ್ಗೆ 7.10ಕ್ಕೆ ಹೊರಟ ಗಾಡಿ ಊಟಿ ಸೇರುವಾಗ ಮಧ್ಯಾಹ್ನವಾಗುತ್ತದೆ. ದಾರಿ 46 ಕಿ.ಮೀ. ಅಷ್ಟರಲ್ಲಿ 208 ತಿರುವು, 16 ಸುರಂಗ, 250 ಸೇತುವೆ. ಹೊರಡುವಾಗ ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿರುತ್ತೀರಿ, ಇಳಿಯುವಾಗ 2,203 ಮೀಟರ್. ಕಲ್ಲಾರ್ ಹತ್ತಿರ ಅಡಿಕೆ ತೋಟ, ಮೈಗೆ ಸೆಕೆ. ಆಮೇಲೆ ಬಂಡೆ, ಕಾಡು, ಕೆಳಗೆ ಕಣಿವೆ. ಕೂನೂರು ಬರುವ ಹೊತ್ತಿಗೆ ಟೀ ತೋಟ, ಮೇಲೆ ಹೋದಂತೆ ನೀಲಗಿರಿ ಮರಗಳ ವಾಸನೆ, ಹೆಗಲ ಮೇಲೆ ಸ್ವೆಟರ್. ಬಸ್ಸಿನಲ್ಲಿ ನಿದ್ದೆಯಲ್ಲೇ ಕಳೆದುಹೋಗುವ ಈ ಬದಲಾವಣೆ ಇಲ್ಲಿ ಕಣ್ಣೆದುರೇ, ನಿಧಾನವಾಗಿ ಆಗುತ್ತದೆ. ಹಲ್ಲುಪಟ್ಟಿಯ ದಾರಿಯಲ್ಲಿ ಗಾಡಿಯ ವೇಗ ಗಂಟೆಗೆ 13 ಕಿ.ಮೀ. ಆಸುಪಾಸು, ನಮ್ಮ ಹುಡುಗರ ಸೈಕಲ್ ಇದಕ್ಕಿಂತ ಜೋರಾಗಿ ಓಡುತ್ತದೆ.

ಒಂದು ದೃಶ್ಯ ಹುಡುಗರು ತಪ್ಪದೆ ನೋಡಲಿ. ಪ್ರತಿ ಬೋಗಿಯ ತುದಿಯ ಕಟ್ಟೆಯ ಮೇಲೆ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾರೆ. ಬೆಟ್ಟ ಹತ್ತುವಾಗ ಎಂಜಿನ್ ಹಿಂದಿನಿಂದ ತಳ್ಳುವುದರಿಂದ ಚಾಲಕರಿಗೆ ಮುಂದಿನ ದಾರಿ ಕಾಣುವುದಿಲ್ಲ. ಎಲ್ಲಕ್ಕಿಂತ ಮುಂದಿನ ಬೋಗಿಯಲ್ಲಿ ನಿಂತವರು ಕೆಂಪು, ಹಸಿರು ಬಾವುಟ ಹಿಡಿದು ಅವರಿಗೆ ಕಣ್ಣಾಗಿರುತ್ತಾರೆ. ಹಿಂದಿನಿಂದ ಸಿಳ್ಳೆ ಬಂತೆಂದರೆ ಒಬ್ಬೊಬ್ಬರೂ ತಮ್ಮ ತಮ್ಮ ಬೋಗಿಯ ಬ್ರೇಕನ್ನು ಕೈಯಿಂದ ಹಿಡಿಯುತ್ತಾರೆ, ಸಡಿಲಿಸುತ್ತಾರೆ. ಒಬ್ಬರಿಗೊಬ್ಬರ ಮುಖ ಕಾಣದೆ, ಬರೀ ಸಿಳ್ಳೆ ಬಾವುಟದ ನಂಬಿಕೆಯಲ್ಲಿ, ಇಷ್ಟು ಜನರನ್ನು ಮೇಲೆ ತಲುಪಿಸುತ್ತಾರೆ. ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯಾಗಿದ್ದಾಗ ತಂಡದಲ್ಲಿ ದುಡಿಯುವುದು ಹೇಗೆ ಅಂತ ಭಾಷಣ ಮಾಡಿಸಿದ್ದೇನೆ, ಆಟ ಆಡಿಸಿದ್ದೇನೆ. ಈ ಬ್ರೇಕ್‌ಮನ್‌ಗಳನ್ನು ನೋಡುತ್ತಾ ಕೂತ ಮಕ್ಕಳಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ನನಗೆ ಬೀಳಲಿಲ್ಲ.

ಇನ್ನು ನಲವತ್ತು ಜನ. ಅದು ಜಾಸ್ತಿ. ಪುಟ್ಟ ಗಾಡಿ, ಬೋಗಿಗಳು ಬೆರಳೆಣಿಕೆಯಷ್ಟು, ದೇಶದ ಎಲ್ಲ ಕಡೆಯವರೂ ಬುಕ್ ಮಾಡುತ್ತಾರೆ. ಆನ್‌ಲೈನ್‌ನಲ್ಲಿ ಒಂದು ಟಿಕೆಟ್ಟಿಗೆ ಆರು ಹೆಸರು ಮಾತ್ರ. ಎರಡು ತಂಡ ಮಾಡಿ, ಬೇರೆ ಬೇರೆ ವಾರ ಹೋಗಿ. ಇಪ್ಪತ್ತು ಜನರ ಶಿಬಿರದಲ್ಲಿ ಹಿಂದೆ ಕೂತ ಹುಡುಗನೂ ಮಾತಾಡುತ್ತಾನೆ, ನಲವತ್ತರಲ್ಲಿ ಅವನ ಹೆಸರೂ ಯಾರಿಗೂ ಗೊತ್ತಾಗುವುದಿಲ್ಲ.

ದಾರಿ ಹೀಗಿರಲಿ. ಮೈಸೂರಿನಿಂದ ಚಾಮರಾಜನಗರ, ಹಾಸನೂರು, ದಿಂಬಂ ಘಾಟಿ ಇಳಿದು ಬಣ್ಣಾರಿ, ಸತ್ಯಮಂಗಲ. ಕೊಯಮತ್ತೂರಿನ ಬಸ್ಸುಗಳು ಇದೇ ದಾರಿಯಲ್ಲಿ ಹೋಗುತ್ತವೆ. ಸತ್ಯಮಂಗಲದಲ್ಲಿ ಇಳಿದು ಮೆಟ್ಟುಪಾಳ್ಯದ ಬಸ್ ಹಿಡಿಯಿರಿ. ದಿಂಬಂನ 27 ಹಿಮ್ಮುರಿ ತಿರುವುಗಳನ್ನು ಹಗಲಲ್ಲೇ ದಾಟಿ, ಅಲ್ಲಿ ರಾತ್ರಿ ವಾಹನಗಳಿಗೆ ನಿರ್ಬಂಧವಿದೆ. ರಾತ್ರಿ ಮೆಟ್ಟುಪಾಳ್ಯದಲ್ಲಿ ತಂಗಿ, ಬೆಳಿಗ್ಗೆ ರೈಲು. ಚಾಮರಾಜನಗರದಿಂದ ಮೆಟ್ಟುಪಾಳ್ಯಕ್ಕೆ ರೈಲುದಾರಿಯ ಮಾತು ಬಹಳ ಹಳೆಯದು, ಕಾಡಿನ ಕಾರಣಕ್ಕೆ ನಿಂತಿದೆ. ಆ ಕಾಡನ್ನು ಬಸ್ಸಿನ ಕಿಟಕಿಯಿಂದ ನೋಡಿದಾಗ, ನಿಂತದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ವಾಪಸ್ ಬರುವಾಗ ಊಟಿಯಿಂದ ಗೂಡಲೂರು, ಬಂಡೀಪುರ, ಗುಂಡ್ಲುಪೇಟೆ ಮೇಲೆ ಬಸ್ಸಲ್ಲಿ ಬನ್ನಿ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಅನ್ನುವುದು ನಿಮಗೆ ಗೊತ್ತಿರುವುದೇ.

ಪ್ರಶ್ನೆ: ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಮೇಷ್ಟ್ರು. ನಮ್ಮ ಹಳೆಯ ವಿದ್ಯಾರ್ಥಿಗಳ ತಂಡಕ್ಕೆ ದಸರಾ ರಜೆ ಬಿಟ್ಟರೆ ಬಿಡುವಿಲ್ಲ. ಅಷ್ಟು ಹೊತ್ತಿಗೆ ಮಳೆಗಾಲವೂ ಮುಗಿದಿರುತ್ತದಲ್ಲ?

ಉತ್ತರ: ನಮ್ಮ ಕಡೆ ಜೂನ್, ಜುಲೈನಲ್ಲಿ ಬರುವ ಮುಂಗಾರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ ಸಾರ್. ರೈಲು ಹತ್ತುವ ಕಲ್ಲಾರ್–ಕೂನೂರು ಇಳಿಜಾರು ಪೂರ್ವಕ್ಕೆ ಮುಖ ಮಾಡಿದೆ. ಆ ಮೈಗೆ ಜೋರು ಮಳೆ ಹಿಂಗಾರಿನದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬಂಡೆ, ಮಣ್ಣು ಕಂಬಿಯ ಮೇಲೆ ಕುಸಿದು ಗಾಡಿ ರದ್ದಾಗುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ. 2009ರ ನವೆಂಬರ್‌ನಲ್ಲಿ ನೀಲಗಿರಿಯಲ್ಲಿ ಆದ ಭೂಕುಸಿತದಲ್ಲಿ ಜನ ಸತ್ತರು, ರೈಲುದಾರಿ ಅಲ್ಲಲ್ಲಿ ಕೊಚ್ಚಿಹೋಗಿ ತಿಂಗಳುಗಟ್ಟಲೆ ಓಡಾಟ ನಿಂತಿತ್ತು.

ಹಾಗಾಗಿ ದಸರಾ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಹವೆ ಚೆನ್ನಾಗಿರುತ್ತದೆ, ಆದರೆ ಊಟಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಟಿಕೆಟ್ಟೂ ಸಿಗುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ, ಜನವರಿ ಕೊನೆಯಿಂದ ಫೆಬ್ರವರಿಯವರೆಗೆ ಒಂದು ವಾರಾಂತ್ಯ ನೋಡಿ. ಆಕಾಶ ತಿಳಿಯಾಗಿರುತ್ತದೆ, ಗದ್ದಲ ಕಡಿಮೆ. ಚಳಿ ಮಾತ್ರ ಇರುತ್ತದೆ. ನಿಮ್ಮವರು ಹಳೆಯ ವಿದ್ಯಾರ್ಥಿಗಳಾದ್ದರಿಂದ ಪರೀಕ್ಷೆಯ ತಕರಾರಿಲ್ಲ. ಕೆಲಸಕ್ಕೆ ಹೋಗುವವರು ಎರಡು ದಿನ ರಜೆ ಹಾಕಲಿ.

ಪ್ರಶ್ನೆ: ಶ್ರೀರಂಗಪಟ್ಟಣದಿಂದ ಬರೆಯುತ್ತಿದ್ದೇನೆ, ಬಿ.ಎಸ್ಸಿ. ವಿದ್ಯಾರ್ಥಿ. ಊಟಿ ಹತ್ತಿರದ ಅವಲಾಂಚೆ ಕೆರೆ ದಡದಲ್ಲಿ ಟೆಂಟ್ ಹಾಕಿ, ಬೆಂಕಿ ಹಾಕಿಕೊಂಡು ಕೂತ ವಿಡಿಯೊಗಳನ್ನು ನೋಡಿದ್ದೇವೆ. ನಾವೂ ಅಲ್ಲೇ ಹಾಕಬಹುದಾ? ಸ್ವಂತ ಟೆಂಟ್ ಇದೆ.

ಉತ್ತರ: ಬೇಡಪ್ಪ. ಅದು ಅರಣ್ಯ ಇಲಾಖೆಯ ಜಾಗ. ಅನುಮತಿಯಿಲ್ಲದೆ ಒಳಗೆ ಕಾಲಿಡುವುದೇ ತಪ್ಪು, ಡೇರೆ, ಬೆಂಕಿ ಅಂತೂ ಕೇಳುವುದೇ ಬೇಡ. ವಿಡಿಯೊ ಮಾಡಿದವರಿಗೆ ಏನೂ ಆಗಲಿಲ್ಲ ಅನ್ನುವುದು ನಿಮಗೆ ಧೈರ್ಯ ಕೊಡಬಾರದು. ಅದೇ ಅವಲಾಂಚೆಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಬಿತ್ತು. ಮೈಸೂರಿಗೆ ಒಂದು ವರ್ಷದಲ್ಲಿ ಬೀಳುವುದು ಹೆಚ್ಚುಕಡಿಮೆ ಅಷ್ಟೇ. ಡೇರೆಯೊಳಗೆ ಮಲಗಿದವನಿಗೆ ನೀರು ಏರುವುದು ಗೊತ್ತಾಗುವುದಿಲ್ಲ.

ಕಾಡಿನ ಅಂಚೂ ಅಷ್ಟೇ. ಕೂನೂರು, ಕೋಟಗಿರಿ ಸುತ್ತ ಟೀ ತೋಟಗಳಿಗೆ ಹಾಡಹಗಲೇ ಕಾಟಿಗಳು, ಅಂದರೆ ಕಾಡುಕೋಣಗಳು, ಬರುತ್ತವೆ, ಕರಡಿ ಅಡುಗೆಯ ವಾಸನೆ ಹಿಡಿದು ಮನೆ ಬಾಗಿಲಿಗೇ ಬರುತ್ತದೆ. ಹತ್ತಿರದ ಹುಡುಗರ ಗುಂಪೊಂದನ್ನು ಒಂದು ಟ್ರೆಕ್ಕಿಂಗ್ ಸಂಸ್ಥೆಯವರು ಕರೆದೊಯ್ದು ಹಳ್ಳದ ಪಕ್ಕದಲ್ಲೇ ಡೇರೆ ಹಾಕಿಸಿದ್ದರು. ಬಿಸ್ಕತ್ತು, ಬ್ರೆಡ್ಡು ಎಲ್ಲ ತಲೆದೆಸೆಯಲ್ಲಿ. ಏನೂ ಆಗಲಿಲ್ಲ, ಅದು ದೇವರ ದಯೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಹಾಗಾದರೆ ಎಲ್ಲಿ? ಗೋಡೆಯೋ ಬೇಲಿಯೋ ಇರುವ, ಶೌಚಾಲಯ ಇರುವ, ಮಾಲೀಕರು ಕಾಗದದಲ್ಲಿ ಒಪ್ಪಿಗೆ ಕೊಟ್ಟ ಜಾಗದಲ್ಲಿ. ಶಾಲೆಯ ಮೈದಾನ, ಊರ ಪಕ್ಕದ ಎಸ್ಟೇಟಿನ ಅಂಗಳ, ಯಾವುದಾದರೂ ಸಂಸ್ಥೆಯ ಆವರಣ. ಊಟಿ ಪಟ್ಟಣದಲ್ಲೇ ಹುಡುಕಬೇಡಿ. ಕೂನೂರು ದಾಟಿದ ಮೇಲೆ ವೆಲ್ಲಿಂಗ್ಟನ್, ಅರವಂಕಾಡು, ಕೇತಿ, ಲವ್‌ಡೇಲ್ ಅಂತ ಸ್ಟೇಷನ್ನುಗಳು ಬರುತ್ತವೆ. ನನ್ನ ಮನಸ್ಸು ಕೇತಿ ಕಡೆಗೆ. ಕಣಿವೆಯ ತುಂಬ ನೀಲಗಿರಿಯ ಬಡಗ ಜನರ ಹಟ್ಟಿಗಳು, ಕ್ಯಾರೆಟ್ಟು, ಕೋಸು, ಆಲೂಗಡ್ಡೆಯ ಮೆಟ್ಟಿಲು ಹೊಲಗಳು. ಅಲ್ಲಿಯ ಹಿರಿಯರು ಕನ್ನಡಕ್ಕೆ ಹತ್ತಿರವಾದ ತಮ್ಮ ಬಡಗ ಭಾಷೆಯಲ್ಲಿ ಮಾತಾಡಿದರೆ ನೀವು ಕನ್ನಡದಲ್ಲಿ ಉತ್ತರ ಕೊಡಿ, ಇಬ್ಬರಿಗೂ ಅರ್ಥವಾಗುತ್ತದೆ. ಮಂಡ್ಯದ ಹುಡುಗನೊಬ್ಬ ಅಲ್ಲಿಯ ಅಜ್ಜನ ಜೊತೆ ಕೂತು ಬೆಳೆ, ಬೆಲೆ ಮಾತಾಡುವುದು ಯಾವ ಕ್ಯಾಂಪ್‌ಫೈರಿಗಿಂತಲೂ ದೊಡ್ಡದು ಅಂತ ನಾನು ನಂಬಿದ್ದೇನೆ. ಹಟ್ಟಿಯೊಳಗೆ ಹೋಗುವ ಮೊದಲು ಕೇಳಿ ಹೋಗಿ, ದೇವಸ್ಥಾನದ ಹತ್ತಿರ ಚಪ್ಪಲಿ ಬಿಟ್ಟು ಹೋಗಿ.

ಆನೆ, ಕಾಟಿ ಕಂಡರೆ ಫೋಟೊ ತೆಗೆಯುವ ಹುಚ್ಚಿಗೆ ಬೀಳದೆ ಹಿಂದೆ ಸರಿಯಿರಿ. ತಿನ್ನುವ ಪದಾರ್ಥ ಡೇರೆಯಲ್ಲಿ ಇಡಬೇಡಿ, ಕಟ್ಟಡದೊಳಗೆ ಇಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ನೀಲಗಿರಿ ಜಿಲ್ಲೆಯಲ್ಲಿ ನಿಷೇಧ, ಎಲ್ಲರ ಕೈಯಲ್ಲೂ ಸ್ಟೀಲ್ ಬಾಟಲಿ ಇರಲಿ.

ಪ್ರಶ್ನೆ: ಅದೇ ವಿದ್ಯಾರ್ಥಿಯ ಇನ್ನೊಂದು ಪ್ರಶ್ನೆ: ಎಂಜಿನ್ ಮುಂದೆ ಇರದೆ ಹಿಂದೆ ಯಾಕೆ? ಹಲ್ಲುಪಟ್ಟಿ ಹೇಗೆ ಕೆಲಸ ಮಾಡುತ್ತದೆ?

ಉತ್ತರ: ಕೊಂಡಿ ತಪ್ಪಿದರೂ ಬೋಗಿಗಳು ಕೆಳಕ್ಕೆ ಜಾರಿ ಹೋಗದಂತೆ ಎಂಜಿನ್ ಕೆಳಗಡೆ ನಿಂತು ತಡೆಯುತ್ತದೆ, ಅದಕ್ಕೇ ಹಿಂದೆ.

ಅಲ್ಲಿಯ ಅತಿ ಕಡಿದಾದ ಏರು ಸುಮಾರು 12.5ಕ್ಕೆ 1. ಹನ್ನೆರಡೂವರೆ ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ ಏರಿರುತ್ತೀರಿ. ನುಣುಪಾದ ಕಂಬಿಯ ಮೇಲೆ ನುಣುಪಾದ ಚಕ್ರ ಅಷ್ಟು ಏರಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೆ ಎರಡು ಕಂಬಿಗಳ ನಡುವೆ ಹಲ್ಲುಗಳಿರುವ ಎರಡು ಉಕ್ಕಿನ ಪಟ್ಟಿಗಳನ್ನು ಅಕ್ಕಪಕ್ಕ ಜೋಡಿಸಿದ್ದಾರೆ. ಒಂದರ ಹಲ್ಲು ಇನ್ನೊಂದರ ಸಂದಿಗೆ ಸರಿಯಾಗಿ ಬರುವಂತೆ ಹಿಂದೆಮುಂದೆ ಇಟ್ಟಿದ್ದಾರೆ. ಎಂಜಿನ್ನಿನ ಹೊಟ್ಟೆಯಡಿ ಇರುವ ಹಲ್ಲುಗಾಲಿ ಒಂದು ಪಟ್ಟಿಯ ಹಲ್ಲು ಬಿಡುವ ಹೊತ್ತಿಗೆ ಇನ್ನೊಂದರ ಹಲ್ಲು ಹಿಡಿದಿರುತ್ತದೆ, ಹಿಡಿತ ಒಂದು ಕ್ಷಣವೂ ತಪ್ಪುವುದಿಲ್ಲ. ಇದಕ್ಕೆ ಆಬ್ಟ್ ಪದ್ಧತಿ ಅನ್ನುತ್ತಾರೆ.

ನನಗೆ ಇನ್ನೂ ಹಿಡಿಸುವುದು ಹಬೆಯ ಲೆಕ್ಕಾಚಾರ. ಈ ಎಕ್ಸ್ ಕ್ಲಾಸ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಹಬೆ ಮೊದಲು ಎರಡರಲ್ಲಿ ನುಗ್ಗಿ ಮಾಮೂಲಿ ಚಕ್ರ ತಿರುಗಿಸುತ್ತದೆ. ಅಲ್ಲಿ ಒತ್ತಡ ಇಳಿದ ಹಬೆಯೇ ಉಳಿದೆರಡಕ್ಕೆ ಹೋಗಿ ಹಲ್ಲುಗಾಲಿ ತಿರುಗಿಸುತ್ತದೆ. ಒಂದೇ ಹಬೆಗೆ ಎರಡು ದುಡಿಮೆ. 1914ರಿಂದ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾಗಿ ಬಂದ ಮಾದರಿ ಇದು. ಈಚೆಗೆ ತಿರುಚಿನಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ನಮ್ಮವರೇ ಹೊಸದಾಗಿ ಕಟ್ಟಿದ್ದಾರೆ.

ಹೊರಡುವ ಮೊದಲು ಒಂದು ಭಾನುವಾರ ನಿಮ್ಮ ತಂಡವನ್ನು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರೆತನ್ನಿ. 1979ರಲ್ಲಿ ಶುರುವಾದದ್ದು, ಕೆ.ಆರ್.ಎಸ್. ರಸ್ತೆಯಲ್ಲಿ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಹಳೆಯ ಹಬೆ ಎಂಜಿನ್ನುಗಳ ಪಕ್ಕದಲ್ಲಿ ನಿಂತು ಸಿಲಿಂಡರ್ ಯಾವುದು, ಚಕ್ರಕ್ಕೆ ಕೂಡಿಸಿದ ಸರಳು ಯಾವುದು ಅಂತ ನೋಡಿಕೊಂಡವನಿಗೆ ದಾರಿಯಲ್ಲಿ ಸಿಗುವ ಹಿಲ್‌ಗ್ರೋವ್ ಸ್ಟೇಷನ್ನಿನಲ್ಲಿ ಎಂಜಿನ್ ನೀರು ಕುಡಿಯಲು ನಿಂತಾಗ ಏನು ನೋಡಬೇಕು ಅಂತ ಗೊತ್ತಿರುತ್ತದೆ.

ಪ್ರಶ್ನೆ: ಮಗಳಿಗೆ ಹತ್ತೊಂಬತ್ತು. ಕಾಲೇಜಿನ ಹುಡುಗ–ಹುಡುಗಿಯರು ಒಟ್ಟಾಗಿ ನೀಲಗಿರಿ ಶಿಬಿರಕ್ಕೆ ಹೊರಟಿದ್ದಾರೆ. ಅವಳಿಗೆ ಹೋಗುವ ಆಸೆ, ಅವರಪ್ಪನಿಗೆ ಇಷ್ಟವಿಲ್ಲ. ನನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. — ಕುವೆಂಪುನಗರ, ಮೈಸೂರು

ಉತ್ತರ: ಕಳಿಸಿ ಅಮ್ಮಾ. ಆದರೆ ಸುಮ್ಮನೆ ಕಳಿಸಬೇಡಿ, ಕೇಳಿ ಕಳಿಸಿ. ನೀವಿಬ್ಬರೂ ಕೂಡಿ ಹೋಗಿ ಶಿಬಿರ ನಡೆಸುವವರನ್ನು ಕಂಡು ಮಾತಾಡಿ. ಜೊತೆಯಲ್ಲಿ ರಾತ್ರಿಯೂ ಇರುವ ಮೇಡಂ ಯಾರು? ಹುಡುಗಿಯರ ಡೇರೆಗೂ ಶೌಚಾಲಯಕ್ಕೂ ನಡುವೆ ದೀಪ ಇದೆಯಾ? ಜಾಗದ ಮಾಲೀಕರ ಫೋನ್ ನಂಬರ್ ಮನೆಗೆ ಕೊಡುತ್ತೀರಾ? ಯಾರಿಗಾದರೂ ಹುಷಾರು ತಪ್ಪಿದರೆ ಯಾವ ಆಸ್ಪತ್ರೆ? ಇಷ್ಟಕ್ಕೆ ತಡವರಿಸದೆ ಉತ್ತರ ಕೊಟ್ಟವರ ಜೊತೆ ನಿಶ್ಚಿಂತೆಯಿಂದ ಕಳಿಸಬಹುದು. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟಿಕ್ಕಿಕೊಂಡರೆ ಅವರ ಜೊತೆ ಬೇಡ, ಬೇರೆ ಶಿಬಿರಕ್ಕೆ ಹೋಗಲಿ. ಅವಳ ಆಸೆಯನ್ನು ಮಾತ್ರ ಕತ್ತರಿಸಬೇಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಮೊದಲೇ ತಿಳಿದಿರಲಿ. ಆ ಪುಟ್ಟ ಬೋಗಿಗಳಲ್ಲಿ ಶೌಚಾಲಯವಿಲ್ಲ. ಹತ್ತುವ ಮುಂಚೆ ಮೆಟ್ಟುಪಾಳ್ಯದಲ್ಲಿ, ಆಮೇಲೆ ಹಿಲ್‌ಗ್ರೋವ್, ಕೂನೂರಿನಲ್ಲಿ ಗಾಡಿ ನಿಂತಾಗ ಹೋಗಿಬರಬೇಕು. ಮುಟ್ಟಿನ ದಿನಗಳಾದರೆ ಅದಕ್ಕೆ ತಕ್ಕ ತಯಾರಿ ಮಾಡಿಕೊಂಡು ಹೋಗಲಿ, ಮೇಡಂಗೆ ಹೇಳಲು ಸಂಕೋಚ ಬೇಡ. ಹಿಲ್‌ಗ್ರೋವ್‌ನಲ್ಲಿ ಕೋತಿಗಳ ಕಾಟವೂ ಇದೆ, ತಿಂಡಿ ಕೈಯಲ್ಲಿ ಹಿಡಿದು ಇಳಿಯಬಾರದು.

ಚಳಿಗೆ ಹೊದಿಕೆಗಿಂತ ಹಾಸಿಗೆ ಮುಖ್ಯ. ಡಿಸೆಂಬರ್, ಜನವರಿಯಲ್ಲಿ ಊಟಿಯ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂರುವ ರಾತ್ರಿಗಳಿರುತ್ತವೆ, ಚಳಿ ನೆಲದಿಂದ ಮೇಲೆ ಬರುತ್ತದೆ. ಕೆಳಗೆ ಟಾರ್ಪಾಲು, ಅದರ ಮೇಲೆ ಪತ್ರಿಕೆಯ ಹಾಳೆಗಳು ಅಥವಾ ಒಣಹುಲ್ಲು, ಆಮೇಲೆ ಜಮಖಾನ, ಮೇಲೆ ಕಂಬಳಿ. ಮಲಗುವಾಗ ಒಣಗಿದ ಕಾಲುಚೀಲ ಬದಲಾಯಿಸಿಕೊಳ್ಳಲಿ. ಹಗಲೆಲ್ಲ ಹಾಕಿದ ಚೀಲದಲ್ಲಿ ಬೆವರಿರುತ್ತದೆ, ರಾತ್ರಿ ಅದೇ ಕೊರೆಯುತ್ತದೆ.

ಪ್ರಶ್ನೆ: ಮದ್ದೂರಿನ ಹುಡುಗರು ನಾವು, ಮುದ್ದೆ ಇಲ್ಲದೆ ಆಗುವುದಿಲ್ಲ. ಗ್ಯಾಸ್ ಸ್ಟೌ ತೆಗೆದುಕೊಂಡು ಹೋಗಬಹುದಾ?

ಉತ್ತರ: ರೈಲಿನಲ್ಲಿ ಗ್ಯಾಸ್, ಸೀಮೆಎಣ್ಣೆ, ಪೆಟ್ರೋಲು ಯಾವುದೂ ಕೂಡದು, ಅಪರಾಧ. ಒಲೆ, ದೊಡ್ಡ ಪಾತ್ರೆ ಎಲ್ಲ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ ಅಥವಾ ಜಾಗ ಕೊಟ್ಟವರಲ್ಲೇ ಅಡುಗೆಮನೆ ಕೇಳಿ. ಸೌದೆ ಅಂತ ಕಾಡಿಗೆ ಕೈ ಹಾಕಬೇಡಿ.

ಮುದ್ದೆ ಧಾರಾಳವಾಗಿ ಮಾಡಿ, ಮುದ್ದೆಕೋಲು ಮರೆಯಬೇಡಿ. ಅಷ್ಟು ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಅದಕ್ಕೆ ಅನ್ನ, ಬೇಳೆ ಬೇಯುವುದು ತಡ. ಬೇಳೆಯನ್ನು ನೆನೆಹಾಕಿ, ಕುಕ್ಕರಿನಲ್ಲಿ ಎರಡು ಸೀಟಿ ಜಾಸ್ತಿ ಕೂಗಿಸಿ. ತೆರೆದ ಪಾತ್ರೆಯಲ್ಲಿ ಕಾಳು ಬೇಯಿಸುವ ಸಾಹಸ ಬೇಡ. ರೈಲಿನ ದಿನಕ್ಕೆ ಪುಳಿಯೋಗರೆ, ಮೊಸರನ್ನ ಬೇಡ, ಕೈಗೆ ಅಂಟದ ಚಪಾತಿ ಚಟ್ನಿಪುಡಿ ಒಯ್ಯಿರಿ. ನಿಮ್ಮೂರಿನ ವಡೆಯಂತೂ ಇದ್ದೇ ಇರುತ್ತದೆ.

ಪ್ರಶ್ನೆ: ಟಿಕೆಟ್ ಯಾವಾಗ ತೆಗೆಯಬೇಕು? ಸಿಗದಿದ್ದರೆ ಏನು ಮಾಡುವುದು? — ನಂಜನಗೂಡಿನ ಓದುಗರು

ಉತ್ತರ: ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಬೆಳಿಗ್ಗೆಯೇ ಕೂತು ತೆಗೆಯಿರಿ. ಜಾಗ, ಡೇರೆ, ಊಟದವರಿಗೆ ಮುಂಗಡ ಹಣ ಕೊಡುವುದು ಟಿಕೆಟ್ ಕೈಗೆ ಬಂದ ಮೇಲೆ. ಎಲ್ಲರೂ ಮಾಡುವುದು ಇದರ ತಿರುವುಮುರುವು. ಆಮೇಲೆ ರೈಲು ಸಿಗದೆ ವ್ಯಾನಿನಲ್ಲಿ ಹೋಗುತ್ತಾರೆ, ವ್ಯಾನಿಗೆ ನೀಲಗಿರಿಯೊಳಗೆ ಬರಲು ಬೇಕಾದ ಇ-ಪಾಸ್ ಮಾಡಿಸುತ್ತಾ ಓಡಾಡುತ್ತಾರೆ.

ಹತ್ತುವ ರೈಲು ಸಿಗದಿದ್ದರೆ ಇಳಿಯುವ ರೈಲು ನೋಡಿ. ಮಧ್ಯಾಹ್ನ 2ಕ್ಕೆ ಊಟಿ ಬಿಟ್ಟು ಸಂಜೆ ಐದೂವರೆ ಸುಮಾರಿಗೆ ಮೆಟ್ಟುಪಾಳ್ಯ ಸೇರುತ್ತದೆ. ಆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಮೈಸೂರಿಗೆ ಹೊರಡಿ. ಅದೂ ಸಿಗದಿದ್ದರೆ ಶಿಬಿರವನ್ನು ಮುಂದಿನ ವಾರಕ್ಕೆ ಹಾಕಿ. ಟಿಕೆಟ್ಟಿನಲ್ಲಿರುವ ಹೆಸರೂ ಆಧಾರ್ ಕಾರ್ಡಿನ ಹೆಸರೂ ಒಂದೇ ಇರಲಿ, ಮೂಲ ಕಾರ್ಡು ಒಬ್ಬೊಬ್ಬರ ಜೇಬಿನಲ್ಲೇ ಇರಲಿ. ಒಬ್ಬರ ಚೀಲದಲ್ಲಿ ಎಲ್ಲರದ್ದನ್ನೂ ಕಟ್ಟಿಡಬೇಡಿ.